ಇನ್ನೊಂದು ಸುತ್ತು

ತೀರಿಹೋದ ಅಪ್ಪನಿಗೆ ತೊಡಿಸಿದ ಬಿಳಿ ಅಂಗಿಯ ಗುಂಡಿ ಹಾಕುತ್ತಿದ್ದ ಮಗಳ ಕೈ ಅಣ್ಣನ ಪ್ರಶ್ನೆಗೆ ಅಲ್ಲೇ ನಿಂತಿತು.

"ಅಷ್ಟು ಜನರ ಮಧ್ಯೆ ಅಪ್ಪನ್ನ ಒಬ್ಬರನ್ನೇ ಬಿಟ್ಟು ನೀನು ಎಲ್ಲಿಗೆ ಹೋಗಿದ್ದೆ?"

"ಸೋಪು ತರೋಕೆ," ಅಂದಳು. ಐವತ್ತೆರಡು ವರ್ಷದ ಹೆಂಗಸು, ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಬಿಸಿಯಾಯಿತು. ಅಣ್ಣ ಮತ್ತೆ ಕೇಳಲಿಲ್ಲ, ನಂಬಿದ ಹಾಗೂ ಕಾಣಲಿಲ್ಲ.

ಹೊರಗಿನ ಕೋಣೆಯಲ್ಲಿ ಹಳೇ ಪೇಟೆಯ ಮಂದಿ ತುಂಬಿದ್ದರು. ಮುನ್ನೂರು ವರ್ಷದ ಕಲ್ಲುಕಮಾನಿನ ಪೇಟೆ ಅದು. ಅಲ್ಲಿ ಸೂಜಿಯಿಂದ ಸೋಫಾವರೆಗೆ ಎಲ್ಲ ಸಿಗುತ್ತದೆ, ಗುಮ್ಮಟದ ಕೆಳಗೆ ಮರದ ಕುದುರೆಗಳು ಸುತ್ತುತ್ತವೆ, ರಜೆ ಬಂತೆಂದರೆ ಕಾಲಿಡಲು ಜಾಗವಿಲ್ಲ. ಆ ಗದ್ದಲದಲ್ಲಿ ತಪ್ಪಿಸಿಕೊಂಡ ಮಕ್ಕಳಿಗಾಗಿ ಮೈಕಿನಲ್ಲಿ ಕೂಗುವುದು ಅಪ್ಪನ ಕೆಲಸ. ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದರು. ಪೇಟೆಗೆಲ್ಲ ಅವರು ಮೈಕಪ್ಪ.

"ಮಗು ಕಳೆದುಹೋಗಿದೆ ಅಂತ ಒಂದು ದಿನಾನೂ ಕೂಗಿದವರಲ್ಲ," ಎಂದಳು ಬಟ್ಟೆ ಅಂಗಡಿಯಾಕೆ ಮೂಗೊರೆಸಿಕೊಳ್ಳುತ್ತ. "ನಾನಾಗ ನಾಲ್ಕು ವರ್ಷದವಳು. 'ಹಳದಿ ಫ್ರಾಕಿನ ಹುಡುಗಿ ಇಲ್ಲೇ ಇದ್ದಾಳೆ, ಇವಳ ಅಮ್ಮ ಕಳೆದುಹೋಗಿದ್ದಾರೆ, ಸಿಕ್ಕಿದವರು ಕರ್ಕೊಂಡು ಬನ್ನಿ' ಅಂದ್ರು. ಅಳೋದು ಬಿಟ್ಟು 'ಅಯ್ಯೋ ಪಾಪ' ಅಂದೆನಂತೆ. ಅಮ್ಮ ಬಂದ ಮೇಲೆ ಅವಳನ್ನೇ ಚೆನ್ನಾಗಿ ಬೈದೆ."

ಕೂತವರು ನಕ್ಕರು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

*

ಆರು ವರ್ಷದಿಂದ ಅಪ್ಪನಿಗೆ ಮರೆವು. ಮಗಳ ಗುರುತು ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಪೇಟೆಯ ಓಣಿಗಳು ಮಾತ್ರ ಮರೆತಿರಲಿಲ್ಲ. ಅದಕ್ಕೇ ಅವಳು ವಾರಕ್ಕೊಮ್ಮೆ ಕೈಹಿಡಿದು ಕರೆದೊಯ್ಯುತ್ತಿದ್ದಳು. ಮೊನ್ನೆ ಶುಕ್ರವಾರವೂ ಬೂದು ಕೋಟು ತೊಡಿಸಿ ಕರೆದೊಯ್ದು ಗುಮ್ಮಟದ ಕೆಳಗಿನ ಬೆಂಚಿನಲ್ಲಿ ಕೂರಿಸಿದಳು.

ಎದುರಿಗೇ ಕುದುರೆಗಳು. ಚಿಕ್ಕವಳಿದ್ದಾಗ ಮೈಕಿನ ಕೋಣೆಯ ಕಿಟಕಿಯಿಂದ ಅವನ್ನು ಎಷ್ಟು ಸಲ ನೋಡಿದ್ದಳೋ, ಹತ್ತಿದ್ದು ಮಾತ್ರ ಇಲ್ಲ. "ಇಲ್ಲಿ ಕೆಲಸ ಮಾಡೋರ ಮಕ್ಕಳು ಪುಕ್ಕಟೆ ಹತ್ತಿದರೆ ಜನ ಏನಂತಾರೆ" ಅನ್ನುತ್ತಿದ್ದರು ಅಪ್ಪ. ಟಿಕೆಟು ಕೊಂಡು ಹತ್ತಿಸಬಹುದಿತ್ತಲ್ಲ? ಆ ಪುಣ್ಯಾತ್ಮರಿಗೆ ಅದು ಹೊಳೆದೇ ಇರಲಿಲ್ಲ.

ಅವತ್ತು ಅವಳಿಗೆ ಏನನ್ನಿಸಿತೋ. "ಅಪ್ಪ, ಇಲ್ಲೇ ಕೂತಿರಿ, ಐದೇ ನಿಮಿಷ" ಎಂದು ಹೋಗಿ ಕಪ್ಪು ಕುದುರೆ ಹತ್ತಿದಳು. ಆರು ವರ್ಷದಲ್ಲಿ ಮೊದಲ ಸಲ ಎರಡೂ ಕೈ ಖಾಲಿ. ಸುಖವಾಗಿತ್ತು, ಅಪ್ಪನ ನೆನಪೇ ಆಗಲಿಲ್ಲ. ಇಳಿದು ಬಂದಾಗ ಬೆಂಚು ಬರಿದಾಗಿತ್ತು.

ಮೈಕಿನ ಕೋಣೆಗೆ ಓಡಿದಳು. ಅಲ್ಲಿದ್ದ ಹೊಸಬನಿಗೆ ಮೈಕಪ್ಪ ಯಾರೆಂದೇ ಗೊತ್ತಿಲ್ಲ. ಬೂದು ಕೋಟಿನ ಹಿರಿಯರೊಬ್ಬರು ತಪ್ಪಿಸಿಕೊಂಡಿದ್ದಾರೆ ಎಂದು ಕೂಗಿದ. ಅದು ಅಪ್ಪನ ಕಿವಿಗೂ ಬಿತ್ತು. ಕೆಲಸ ಬಂತೆಂದುಕೊಂಡು ಅವರು ಬೂದು ಕೋಟಿನ ಮುದುಕನನ್ನು ಹುಡುಕಿಕೊಂಡು ಓಣಿ ಓಣಿ ಹೊರಟರು. ಅವರು ಒಂದು ಓಣಿಯಲ್ಲಿದ್ದರೆ ಮಗಳು ಇನ್ನೊಂದರಲ್ಲಿ.

*

"ನನ್ನ ಅಂಗಡಿಗೂ ಬಂದಿದ್ರು." ಅಪ್ಪನನ್ನು ಹೊರಗಿನ ಕೋಣೆಗೆ ತಂದು ಮಲಗಿಸಿದಾಗ ಬಟ್ಟೆ ಅಂಗಡಿಯಾಕೆಯ ದನಿ ಒಡೆಯಿತು. "'ಬೂದು ಕೋಟಿನ ಮುದುಕರನ್ನ ನೋಡಿದ್ಯೇನಮ್ಮ, ಪಾಪ, ಮನೆಯವರು ಕಾಯ್ತಿದ್ದಾರೆ' ಅಂದ್ರು. ಇಲ್ಲ ಮೈಕಪ್ಪ ಅಂದೆ. ಅವರ ಮೈಮೇಲಿನ ಕೋಟು ನನ್ನ ಕಣ್ಣಿಗೇ ಬೀಳಲಿಲ್ಲ. ಯಾರನ್ನೋ ಹುಡುಕ್ತಾ ಬರೋದು ಅವರಿಗೆ ಇದ್ದದ್ದೇ ಅಲ್ವಾ?"

ಅವರು ಕೇಳಿದ ಇಪ್ಪತ್ತು ಅಂಗಡಿಯವರೂ ಹಾಗೇ ಇಲ್ಲ ಅಂದಿದ್ದರು. ಎರಡು ಗಂಟೆ ಸೆಕೆಯಲ್ಲಿ ಅಲೆದು ಅಪ್ಪ ಹಿಂಬದಿಯ ಮೆಟ್ಟಿಲ ಮೇಲೆ ಕುಸಿದಿದ್ದರು.

"ಹಿಡಿದು ಕೂರಿಸೋಕೆ ಆಗಲಿಲ್ವಾ?" ಅಣ್ಣ ಅಂಗಡಿಯಾಕೆಯ ಮೇಲೆ ಹರಿಹಾಯ್ದ. "ಇಡೀ ಪೇಟೆಗೆ ಕಣ್ಣಿರಲಿಲ್ವಾ? ನೀವೇ ಅವರನ್ನ ಕೊಂದದ್ದು."

ಬಟ್ಟೆ ಅಂಗಡಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳಿಗೆ ತಡೆಯಲಾಗಲಿಲ್ಲ.

"ಅವರನ್ನ ಬೈಬೇಡ ಅಣ್ಣ. ಸೋಪಿಗೆ ಹೋಗಿರಲಿಲ್ಲ ನಾನು. ಕುದುರೆ ಹತ್ತಿದ್ದೆ."

"ಯಾವ ಕುದುರೆ?"

"ತಿರುಗೋ ಕುದುರೆ. ಆಟಕ್ಕೆ."

ಬಾಗಿಲ ಬಳಿ ನಿಂತಿದ್ದ ಕುದುರೆಯಾಟ ನಡೆಸುವ ಮುದುಕ ಗಂಟಲು ಸರಿಮಾಡಿಕೊಂಡ.

"ಆಟ ಮುಗಿಸೋ ಹೊತ್ತಿಗೆ ಮೈಕಪ್ಪ ನನ್ನ ಹತ್ರ ಬಂದಿದ್ರು. 'ಕಪ್ಪು ಕುದುರೆ ಮೇಲಿರೋ ಮಗು ಯಾರ ಕಡೇದು?' ಅಂದ್ರು. ನಿಮ್ಮ ಮಗಳೇ ಅಲ್ವಾ ಅಂದೆ. ತುಂಬಾ ಹೊತ್ತು ನೋಡಿದ್ರು. 'ಹೌದಾ? ಹಾಗಾದ್ರೆ ಇಳಿಸಬೇಡ, ಇನ್ನೊಂದು ಸುತ್ತು ಹೋಗ್ಲಿ' ಅಂದ್ರು. ಪುಕ್ಕಟೆ ಬೇಡ ಅಂತ ಜೇಬು ತಡಕಿ ಒಂದು ಪೆಪ್ಪರಮಿಂಟು ಕೊಟ್ರು. ನಾನು ತಿರುಗಿಸಿದೆ. ಅವರು ಎತ್ತ ಹೋದ್ರು ಅಂತ ನಾನೂ ನೋಡಲಿಲ್ಲ."

ಎರಡು ದಿನದಿಂದ ಮಗಳು ಅತ್ತಿರಲಿಲ್ಲ. ಈಗ ಅಪ್ಪನ ಕಾಲ ಬಳಿ ಕುಸಿದು ಗೊಳೋ ಎಂದು ಅತ್ತಳು. ಅಣ್ಣ ಎದ್ದು ಹೊರಗೆ ಹೋದ.

*

ಶವದ ವ್ಯಾನು ಪೇಟೆಯ ಮಧ್ಯದಿಂದಲೇ ಹೋಗಬೇಕಿತ್ತು, ಬೇರೆ ದಾರಿಯಿಲ್ಲ. ಭಾನುವಾರ. ಚೀಲ ಹೊತ್ತವರು, ಬಲೂನು ಹಿಡಿದವರು ವ್ಯಾನಿಗೆ ದಾರಿ ಬಿಟ್ಟು, ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತಿದ್ದರು. ಹಿಂದೆ ನಡೆಯುತ್ತಿದ್ದ ಅಣ್ಣ ಮನೆ ಬಿಟ್ಟಾಗಿನಿಂದ ತಂಗಿಯ ಮುಖ ನೋಡಿರಲಿಲ್ಲ.

ಗುಮ್ಮಟದ ಹತ್ತಿರ ನೂಕುನುಗ್ಗಲಾಗಿ ಅವಳು ಹಿಂದೆ ಬಿದ್ದಳು. ನಡುವೆ ಯಾರ್‍ಯಾರೋ ತೂರಿಕೊಂಡರು. ಅಣ್ಣ ತಿರುಗಿ ನೋಡಿದ, ಜನರನ್ನು ಸರಿಸುತ್ತ ವಾಪಸು ಬಂದ. ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಮುಂದೆ ನಡೆದ. ಹಿಡಿತಕ್ಕೆ ಬೆರಳುಗಳು ಜೋಮು ಹಿಡಿದವು. ಸಡಿಲ ಮಾಡು ಎಂದು ಅವಳು ಹೇಳಲಿಲ್ಲ.