ಗೋಡೆಗೆ ತಾಕದ ನೆಲ

ಪಂಚಪ್ಪ ಸಂದು ಮುಚ್ಚಿಬಿಟ್ಟಿದ್ದರು.

ನಾನು ಅದನ್ನು ನೋಡಿದ್ದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಮಹಡಿಯ ಬೀಗ ತೆಗೆದಾಗ. ಹೊಸ ಟೈಲ್ಸಿನ ಅಂಚಿಗೆ, ಗೋಡೆಯುದ್ದಕ್ಕೂ ಬಿಳಿ ಸಿಮೆಂಟು. ಮೇಸ್ತ್ರಿ ಹಿಂದೆಯೇ ಬಂದು ಹೆಮ್ಮೆಯಿಂದ ನಿಂತರು.

"ಇಲ್ಲಿದ್ದ ಸ್ಪಂಜ್ ಪಟ್ಟಿ ಎಲ್ಲಿ?"

"ಅಸಯ್ಯವಾಗಿ ಕಾಣ್ತಿತ್ತು ಮೇಡಂ. ಮೇಲ್ಗಡೆ ಕುಯ್ದು ತೆಗ್ದೆ. ಇಂಗೆ ಸಂದು ಬಿಟ್ರೆ ಜಿರಲೆ ಸಂಸಾರ ಹೂಡ್ತವೆ. ಮೂವತ್ತು ವರ್ಷದಿಂದ ಕೆಲ್ಸ ಮಾಡ್ತಿದೀನಿ, ಪಂಚಪ್ಪ ಸಂದು ಬಿಟ್ಟ ಅಂತ ಒಬ್ರ ಕೈಲೂ ಅನ್ನಿಸ್ಕೊಂಡಿಲ್ಲ."

ಹಳೇ ಯಲಹಂಕದ ಈ ಮನೆಯ ಮಹಡಿ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ್ದು. ಮೇಲೆ ಚಮಚ ಬಿದ್ದರೆ ಕೆಳಗೆ ಕೇಳುತ್ತದೆ. ಅತ್ತೆ ಮಾವ ಕೆಳಗೆ, ನಾನು ಮೇಲೆ, ಎರಡು ಮನೆ ಮಾಡುವುದೆಂದು ತೀರ್ಮಾನವಾಗಿತ್ತು. ಒಳಮೆಟ್ಟಿಲು ಮುಚ್ಚಿ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಹಾಕಿದ್ದಾಯಿತು. ಕರೆಂಟಿನ ಮೀಟರೂ ಬೇರೆಯಾಯಿತು. ಉಳಿದದ್ದು ಸದ್ದು. ಇಂಜಿನಿಯರ್ ರುಖ್ಸಾರ್ ಹಳೆಯ ನೆಲದ ಮೇಲೆ ದಪ್ಪ ರಬ್ಬರ್ ಹಾಸಿಸಿ, ಅದರ ಮೇಲೆ ಹೊಸ ನೆಲ ಹಾಕಿಸಿದ್ದರು. "ಹೊಸ ನೆಲ ಎಲ್ಲೂ ಗೋಡೆಗೆ ತಾಕ್ಬಾರ್ದು. ಒಂದು ಕಡೆ ತಾಕಿದ್ರೂ ಸದ್ದು ಅಲ್ಲಿಂದ ಇಳಿಯುತ್ತೆ" ಎಂದು ಎರಡು ಸಲ ಹೇಳಿದ್ದರು. ಪಂಚಪ್ಪ ಎರಡು ಸಲವೂ ತಲೆಯಾಡಿಸಿದ್ದರು.

ಗುರುಚರಣ್ ಹೋಗಿ ಹತ್ತು ತಿಂಗಳು. ಜ್ವರವೆಂದು ರಜೆ ಹಾಕಿದ್ದ ನನ್ನ ಗಂಡ ಈ ಕೋಣೆಯಲ್ಲೇ ಕುಸಿದುಬಿದ್ದ. ನಾನು ಹೆಬ್ಬಾಳದ ಆಫೀಸಿನಲ್ಲಿದ್ದೆ. ಕೆಳಗೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಸದ್ದು ಕೇಳಿಸಿತು. ಅಕ್ಕಿ ಚೀಲ ಇಳಿಸಿದ ಎಂದುಕೊಂಡು ಸುಮ್ಮನಾದರು. ಇದನ್ನು ಅವರು ನನಗೊಬ್ಬಳಿಗೇ ಹೇಳಿದ್ದಾರೆ. ಆಮೇಲೆ ಮೇಲೆ ಏನು ಸದ್ದಾದರೂ ಓಡಿಬರುತ್ತಿದ್ದರು. ಆಷಾಢದಲ್ಲಿ ಹಾಗೆ ಬರುವಾಗ ಮೆಟ್ಟಿಲಿಂದ ಜಾರಿ ಮಣಿಕಟ್ಟು ಮುರಿದುಕೊಂಡರು.

ಹಿಂದಿನ ದಿನ ಮಾವ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ನೋಡಮ್ಮಾ, ನಾಳೆ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಪರೀಕ್ಷೆ ಮಾಡಿಬಿಡೋಣ. ಹತ್ತು ಕೆಜಿ ಅಕ್ಕಿ ಚೀಲ ಸೊಂಟದ ಎತ್ತರದಿಂದ ಬಿಡು. ಕೆಳಗೆ ನಿಮ್ಮತ್ತೆಗೆ ಕೇಳಿಸ್ತು ಅಂದ್ರೆ, ನೀನು ತುಮಕೂರಿಗೆ ನಿಮ್ಮಪ್ಪನ ಮನೆಗೆ ಹೋಗೋದೇ ಒಳ್ಳೇದು. ಇವಳ ಜೀವಾನೂ ಉಳೀಬೇಕಲ್ಲ."

ಮಾವ ಲೆಕ್ಕದ ಮೇಷ್ಟರಾಗಿದ್ದವರು. ತೂಕ ಗೊತ್ತಿರುವ ವಸ್ತುವೆಂದು ಅಕ್ಕಿ ಆರಿಸಿರಬೇಕು.

ನನಗೆ ಈ ಕೋಣೆ ಬೇಕಿತ್ತು. ಪಂಚಪ್ಪನವರ ಕಡೆ ತಿರುಗಿದೆ.

"ಸಿಮೆಂಟೆಲ್ಲಾ ಕಿತ್ತುಬಿಡಿ" ಎಂದೆ. "ಹತ್ತೂವರೆಯೊಳಗೆ."

"ಸುತ್ತಿಗೆ, ಉಳಿ ತರ್ತೀನಿ."

"ಸುತ್ತಿಗೆ ಬೇಡ. ಕೆಳಗೆ ಅತ್ತೆ ಇದ್ದಾರೆ."

ಗರಗಸದ ಬ್ಲೇಡು ಎರಡು ತುಂಡು ಮಾಡಿ ಬಟ್ಟೆ ಸುತ್ತಿಕೊಂಡೆವು. ಅವರು ಬಾಗಿಲ ಕಡೆಯಿಂದ, ನಾನು ಬಚ್ಚಲ ಕಡೆಯಿಂದ, ಮಂಡಿಯೂರಿ ಕೆರೆಯುತ್ತ ಹೋದೆವು. ಸಿಮೆಂಟು ಉದುರಿದ ಕಡೆ, ಆಳದಲ್ಲಿ ಉಳಿದಿದ್ದ ಕಪ್ಪು ಸ್ಪಂಜ್ ಪಟ್ಟಿ ಕಾಣುತ್ತಿತ್ತು. ಒಂಬತ್ತಕ್ಕೆ ಒಂದು ಗೋಡೆ. ಹತ್ತಕ್ಕೆ ಮೂರು. ನನ್ನ ಹೆಬ್ಬೆರಳು ಕುಯ್ದುಹೋಗಿತ್ತು.

"ಜಿರಲೆ ಬಂದ್ರೆ ನನ್ನ ಕೇಳ್ಬೇಡಿ ಮತ್ತೆ" ಎಂದು ಪಂಚಪ್ಪ ಪಿಸುಗುಟ್ಟಿದರು.

"ಬರ್ಲಿ. ಅವು ಸದ್ದು ಮಾಡಲ್ಲ."

ಕಿಟಕಿಯ ಮೂಲೆಯಲ್ಲಿ ಎರಡಡಿ ಉಳಿಯಿತು. ಅಲ್ಲಿ ಸಿಮೆಂಟು ದಪ್ಪಗಿತ್ತು. ಬ್ಲೇಡು ಮುರಿಯಿತು.

"ಮಹತೀ!" ಅಂಗಳದಿಂದ ಮಾವನ ದನಿ. "ಹತ್ತೂ ಇಪ್ಪತ್ತಾಯ್ತು!"

ಪಂಚಪ್ಪ ನನ್ನ ಮುಖ ನೋಡಿದರು. ನಾನು ಚೀಲ ಎತ್ತಿಕೊಂಡು ಕೋಣೆಯ ನಡುವೆ ನಿಂತೆ. ಗುರು ಬಿದ್ದದ್ದು ಅಲ್ಲೇ. ಕೈ ಬಿಟ್ಟೆ.

ಧಪ್ ಎಂದಿತು. ಕಾದೆ. ಕೆಳಗಿಂದ ಯಾರೂ ಕೂಗಲಿಲ್ಲ.

ಕಬ್ಬಿಣದ ಮೆಟ್ಟಿಲಿಳಿದು ಒಳಗೆ ಹೋದೆ. ಮಾವ ಹಜಾರದಲ್ಲಿ ಕಿವಿಯ ಹಿಂದೆ ಕೈಯಿಟ್ಟುಕೊಂಡು ನಿಂತಿದ್ದರು.

"ಯಾಕೆ ಇಳಿದು ಬಂದೆ? ಬೇಗ ಹಾಕು."

"ಹಾಕಿದೆ ಮಾವ."

"ಹಾಕಿದ್ಯಾ!" ನಕ್ಕುಬಿಟ್ಟರು. "ಗೋದಾ, ನಿಂಗೆ?"

ಅತ್ತೆ ಕಿಟಕಿಯ ಮೂಲೆಯಲ್ಲಿದ್ದರು, ಮೇಲೆ ಎರಡಡಿ ಉಳಿದಿದ್ದ ಜಾಗದ ನೇರ ಕೆಳಗೆ. ಮುರಿದು ಕೂಡಿದ ಕೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ತುಟಿ ಬಿಳಿಚಿತ್ತು. ಅವರಿಗೆ ಕೇಳಿಸಿದೆ ಎಂದು ನನಗೆ ಗೊತ್ತಾಯಿತು.

ನನ್ನ ಹೆಬ್ಬೆರಳಿನ ರಕ್ತ ನೋಡಿದರು. ಆಮೇಲೆ ನನ್ನನ್ನು.

"ಇಲ್ಲ" ಎಂದರು. "ನಂಗೇನೂ ಕೇಳಿಸ್ಲಿಲ್ಲ. ಅವಳು ಮೇಲೇ ಇರ್ಲಿ."

ಮಧ್ಯಾಹ್ನ ಅಕ್ಕಿ ಚೀಲ ಹಿಂದಿರುಗಿಸಲು ಹೋದೆ. ಹಜಾರದ ಬೆತ್ತದ ಕುರ್ಚಿ ಜಾಗ ಬದಲಿಸಿತ್ತು. ಕಿಟಕಿಯ ಮೂಲೆಯಲ್ಲಿ, ಗೋಡೆಗೆ ಕಿವಿಯಾನಿಸಿ, ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ನೋಡಿ ತಲೆ ಸರಿಸಿಕೊಂಡರು.

ಮೇಲೆ ಪಂಚಪ್ಪ ಹೊಸ ಬ್ಲೇಡು ತಂದಿದ್ದರು.

"ಆ ಎರಡಡೀನೂ ಕಿತ್ತುಬಿಡ್ಲಾ ಮೇಡಂ?"

"ಬೇಡ" ಎಂದೆ. "ಅದಿರ್ಲಿ."