ಹತ್ತಿ ಕೆಮ್ಮು

"ನೋಡ್ರಪ್ಪಾ ನೋಡಿ, ನನ್ನ ತಮ್ಮ ಅತ್ತರು ಮಾರೋಕೆ ಹೊರಟಿದ್ದಾನೆ. ಆ ಡಬ್ಬಿಲಿ ಏನಿದೆ ಗೊತ್ತಾ? ಅವನದೇ ಕಫ."

ಹಾಸಿಗೆ ಅಂಗಡಿಯ ಬಾಗಿಲಲ್ಲಿ ನಿಂತು ಅಣ್ಣ ಹೀಗೆ ಕೂಗಿದಾಗ ಒಳಗೆ ಹಾಸಿಗೆ ಆರ್ಡರ್ ಕೊಟ್ಟಿದ್ದ ಲಾಡ್ಜಿನ ಮ್ಯಾನೇಜರ್ ಇದ್ದ, ಎದುರಿಗೆ ಸೈಕಲ್ ಅಂಗಡಿಯವನಿದ್ದ, ನಲ್ಲಿಯ ಹತ್ತಿರ ಬೀದಿಯ ಅರ್ಧ ಹೆಂಗಸರಿದ್ದರು. ಎಲ್ಲರೂ ನಕ್ಕರು. ಅಷ್ಟು ಜನರ ನಡುವೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದವನು ದಬ್ಬಣ. ದಬ್ಬಣ ಎಂದರೆ ಹಾಸಿಗೆ ಹೊಲಿಯುವ ದಪ್ಪ ಸೂಜಿ. ಆಳು ಉದ್ದ, ಸಪೂರ, ಹೊಲಿಗೆಯಲ್ಲಿ ಎತ್ತಿದ ಕೈ. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು.

"ಗಂಡಸಾದವನು ಹತ್ತಿ ಕೆಮ್ಮಿಗೆ ಆಸ್ಪತ್ರೆಗೆ ಓಡ್ತಾನೇನೋ? ಅಪ್ಪ ಕೆಮ್ಮಲಿಲ್ವಾ? ನಾನು ಕೆಮ್ಮಲ್ವಾ? ಕೆಮ್ಮಿಲ್ಲದವನಿಗೆ ಕಸುಬಿಲ್ಲ ಅಂತ ಅಪ್ಪ ಸುಮ್ನೆ ಹೇಳ್ತಿದ್ನಾ?"

ದಬ್ಬಣನ ಕಿವಿ ಕಾದ ಹೆಂಚಾಯಿತು. ಡಬ್ಬಿಯನ್ನು ಚರಂಡಿಗೆ ಎಸೆದ. ಒಳಗೆ ಹೋಗಿ ಲಾಡ್ಜಿನ ಹಾಸಿಗೆಯ ಅಂಚು ಹೊಲಿಯುತ್ತಾ ಕುಳಿತ. ಜನ ನಗುವುದನ್ನು ನಿಲ್ಲಿಸಿದರು. ಅವನ ಕೆಮ್ಮು ನಿಲ್ಲಲಿಲ್ಲ.

ಆ ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೂ ಅಪ್ಪನ ಕಾಲದಲ್ಲೇ ಹಲಗೆ ಹೊಡೆದಿತ್ತು. ಗಾಳಿ ಬಂದರೆ ಹಿಂಜಿದ ಹತ್ತಿ ಹಾರುತ್ತದೆ, ಹಾರಿದ ಹತ್ತಿ ನಷ್ಟ. ಅಣ್ಣ ಯಂತ್ರದಲ್ಲಿ ಹತ್ತಿ ಹಿಂಜುತ್ತಿದ್ದ, ಅತ್ತಿಗೆ ತುಂಬುತ್ತಿದ್ದಳು, ದಬ್ಬಣ ಅವಳ ಪಕ್ಕದಲ್ಲೇ ಕುಳಿತು ಹಾಸಿಗೆಯ ಬಾಯಿ ಹೊಲಿಯುತ್ತಿದ್ದ. ಮೂವರೂ ಕೆಮ್ಮುತ್ತಿದ್ದರು. ಅದಕ್ಕೆ ಮನೆಯಲ್ಲೇ ಇಟ್ಟ ಹೆಸರು ಹತ್ತಿ ಕೆಮ್ಮು. ಹೆಸರಿಟ್ಟ ಮೇಲೆ ಭಯವೆಲ್ಲಿಯದು? ಅಪ್ಪ ಕೆಮ್ಮಿ ಕೆಮ್ಮಿಯೇ ಸತ್ತ. ಅದಕ್ಕೆ ವಯಸ್ಸು ಎಂದು ಹೆಸರಿಟ್ಟರು.

ಡಬ್ಬಿ ಕೊಟ್ಟಿದ್ದವಳು ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ. ಬೀದಿಯವರು ಅವಳಿಗೆ ಕಫದಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆಯೂ, ಮುಖದ ಮುಂದೆಯೂ. ಅವಳು ಮತ್ತೆ ಬಂದಳು.

"ಊರೋರೆಲ್ಲ ಬೇರೆ ಏನಾದ್ರೂ ಬೇಡ್ತಾರೆ. ನೀವು ಕಫ ಬೇಡ್ತೀರಲ್ಲಮ್ಮ" ಎಂದ ಅಣ್ಣ.

"ಕೊಡೋರಿಗೆ ಖರ್ಚಿಲ್ಲ ನೋಡಣ್ಣ, ಅದಕ್ಕೆ. ಹತ್ತಿ ಧೂಳಿಗೂ ಕೆಮ್ಮು ಬರತ್ತೆ, ಸುಳ್ಳಲ್ಲ. ಆದ್ರೆ ರಜಾ ದಿನಾನೂ ಬಿಡಲ್ಲ, ಸಂಜೆಯಾದ್ರೆ ಮೈ ಬಿಸಿ, ರಾತ್ರಿ ಬೆವರು, ಮೈ ಇಳೀತಿದೆ ಅಂದ್ರೆ ಅನುಮಾನ ಪಡಬೇಕು. ಯಾವ ಕೆಮ್ಮು ಅಂತ ಕಿವೀಲಿ ಕೇಳಿ ಹೇಳೋಕೆ ನನಗೂ ಆಗಲ್ಲ, ನಿನಗೂ ಆಗಲ್ಲ. ಎರಡು ವಾರ ದಾಟಿದ್ರೆ ಕಫ ಪರೀಕ್ಷೆ ಮಾಡಿಸಲೇಬೇಕು."

"ಟಿ.ಬಿ. ಅಂತ ಹೆಸರು ಬಂದ್ರೆ ನನ್ನ ಹಾಸಿಗೆ ಮೇಲೆ ಯಾರು ಮಲಗ್ತಾರೆ?"

"ಟಿ.ಬಿ. ಹಾಸಿಗೆಯಿಂದ ಬರಲ್ಲ, ತಟ್ಟೆ ಲೋಟದಿಂದ ಬರಲ್ಲ. ರೋಗ ಇರೋರು ಕೆಮ್ಮಿದಾಗ ಗಾಳೀಲಿ ಬರತ್ತೆ. ಮೊದಲು ಆ ಹಲಗೆ ಕಿತ್ತು ಕಿಟಕಿ ತೆಗಿ."

"ತೆಗೀತೀನಿ. ಹತ್ತಿ ನಿಮ್ಮನೆವರೆಗೂ ಹಾರಿ ಬರತ್ತೆ, ಹಿಡ್ಕೊಂಡು ತಂದ್ಕೊಡಿ."

ಅತ್ತಿಗೆ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಗೋಡೆ ಹಿಡಿದು ಎದ್ದು ಹಿಂದುಗಡೆಗೆ ಹೋದಳು. ಕಫದಕ್ಕ ಅವಳು ಹೋದ ಕಡೆಯೇ ನೋಡುತ್ತಾ ನಿಂತಳು. "ಅವಳದೂ ಹತ್ತಿ ಕೆಮ್ಮೇ" ಎಂದು ಅಣ್ಣ ಯಂತ್ರ ಚಾಲೂ ಮಾಡಿದ. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಸ್ವಲ್ಪ ದಿನಕ್ಕೆ ಅತ್ತಿಗೆ ತನ್ನ ರವಿಕೆ ತಂದು ದಬ್ಬಣನ ಮುಂದಿಟ್ಟಳು. "ಮೈದುನಪ್ಪ, ಇದನ್ನ ಸ್ವಲ್ಪ ಹಿಡಿದು ಹೊಲಿ. ಜೋಳಿಗೆ ಥರ ಆಗಿದೆ."

"ಹೋದ ತಿಂಗಳು ತಾನೇ ಹಿಡಿದಿದ್ದೆ."

"ನಿನ್ನ ಹೊಲಿಗೆಯೇ ಸರಿಯಿಲ್ಲ ಹಾಗಾದ್ರೆ."

ತನ್ನ ಹೊಲಿಗೆ ಬಿಟ್ಟಿರಲಿಲ್ಲ ಎಂಬುದು ದಬ್ಬಣನಿಗೆ ಗೊತ್ತಿತ್ತು. ಮೊದಲ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ ಹಾಕಿದ. ದಾರ ಕಚ್ಚಿ ಕಡಿದು ರವಿಕೆ ಮಡಚಿ ಕೊಟ್ಟ. ಅವಳು ಇಳಿಯುತ್ತಿರುವುದನ್ನು ಹೇಳಿದರೆ ಮತ್ತೆ ಅತ್ತರಿನ ಮಾತು ಬರುತ್ತದೆ, ಬೀದಿ ಮತ್ತೆ ನಗುತ್ತದೆ.

ಒಂದು ಮಧ್ಯಾಹ್ನ ಅತ್ತಿಗೆ ತುಂಬಿಟ್ಟ ದಿಂಬಿನ ಬಾಯಿ ಹೊಲಿಯಲು ಕೈಗೆತ್ತಿಕೊಂಡ. ಬಿಳಿ ಹತ್ತಿಯ ನಡುವೆ ಒಂದು ಉಂಡೆ ಕೆಂಪಗಿತ್ತು. ಎಳೆದು ನೋಡಿದ. ಅದರ ಕೆಳಗೆ ಇನ್ನೊಂದು ಸಿಕ್ಕಿತು. ಬಾಯಿ ಒರೆಸಿಕೊಂಡ ಹತ್ತಿಯನ್ನು ಅವಳು ದಿಂಬಿನೊಳಗೆ ತುರುಕಿ ಮುಚ್ಚಿಟ್ಟಿದ್ದಳು.

"ಅಣ್ಣಂಗೆ ಹೇಳ್ಬೇಡ" ಎಂದಳು ಅತ್ತಿಗೆ. "ಈ ಆರ್ಡರ್ ಮುಗೀಲಿ."

ದಬ್ಬಣ ದಿಂಬನ್ನು ಹಾಗೇ ಒಯ್ದು ಅಣ್ಣನ ಮಡಿಲಲ್ಲಿ ಸುರಿದ. ಅಣ್ಣ ಯಂತ್ರ ನಿಲ್ಲಿಸಿದ. ಅಂದೇ ಮೂವರೂ ಆಸ್ಪತ್ರೆಗೆ ಹೊರಟರು.

ಆಸ್ಪತ್ರೆಯಲ್ಲಿ ಮೂವರ ಕಫವನ್ನೂ ನೋಡಿದರು. ಅಣ್ಣನದು ಬರೀ ಧೂಳು. ದಬ್ಬಣನಿಗೆ ಟಿ.ಬಿ. ಅತ್ತಿಗೆಗೂ ಟಿ.ಬಿ., ಅದೂ ಜೋರಾಗಿಯೇ ಇತ್ತು. ಎರಡೂ ಶ್ವಾಸಕೋಶ ಹಾಳಾಗಿದ್ದವು. "ಬೇಗ ಬಂದಿದ್ದರೆ" ಎಂದು ಡಾಕ್ಟರು ಶುರುಮಾಡಿದವರು ಅಣ್ಣನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಮಾತ್ರೆ ಕೊಟ್ಟರು. ಮಾತ್ರೆಗೂ ಸಮಯ ಬೇಕು. ಅವಳ ಹತ್ತಿರ ಸಮಯ ಇರಲಿಲ್ಲ. ಅವಳ ಹೆಣ ಎತ್ತಿದಾಗ ಹೊತ್ತವರಿಗೆ ಭಾರವೇ ಆಗಲಿಲ್ಲ.

ಹಲಗೆಯನ್ನು ಅಣ್ಣನೇ ಕಿತ್ತ. ಸುತ್ತಿಗೆ ಹುಡುಕುವ ತಾಳ್ಮೆಯೂ ಇಲ್ಲದೆ ಬರಿಗೈಯಲ್ಲಿ ಕಿತ್ತು ಉಗುರು ಹರಿದುಕೊಂಡ. ಈಗ ದಿನಾ ಬೆಳಿಗ್ಗೆ ತಮ್ಮನ ಎದುರು ನಿಂತು, ಮಾತ್ರೆ ನುಂಗಿಸಿದ ಮೇಲೇ ಯಂತ್ರ ಮುಟ್ಟುತ್ತಾನೆ. ಎರಡನೇ ತಿಂಗಳಿಗೆ ದಬ್ಬಣನ ಜ್ವರ ಹೋಯಿತು, ಊಟ ಸೇರಿತು. "ಗುಣ ಆಯ್ತಲ್ಲೋ, ಇನ್ನೂ ಯಾಕೆ ಆ ಗುಳಿಗೆ?" ಎಂದ ಸೈಕಲ್ ಅಂಗಡಿಯವನು.

ಕಫದಕ್ಕ ಅಲ್ಲೇ ಇದ್ದಳು. "ಗುಣ ಕಾಣೋದು ಬೇರೆ, ಗುಣ ಆಗೋದು ಬೇರೆ ಕಣಪ್ಪ. ಈಗ ಬಿಟ್ರೆ ರೋಗ ಮತ್ತೆ ತಲೆ ಎತ್ತತ್ತೆ. ಆಗ ಇದೇ ಮಾತ್ರೆಗೆ ಬಗ್ಗದೇನೂ ಹೋಗಬಹುದು. ಡಾಕ್ಟ್ರು ಸಾಕು ಅನ್ನೋವರೆಗೆ ನುಂಗಲೇಬೇಕು."

"ನಿನಗೂ ಕೆಮ್ಮಿದೆಯಲ್ಲ, ನಡಿ ಆಸ್ಪತ್ರೆಗೆ" ಎಂದು ಅಣ್ಣ ಸೈಕಲ್ ಅಂಗಡಿಯವನ ತೋಳು ಹಿಡಿದ. ಆ ಸಲ ಯಾರೂ ನಗಲಿಲ್ಲ. ಒಬ್ಬಳನ್ನು ಮಣ್ಣು ಮಾಡಿ ಬಂದ ಮೇಲೆ ಬೀದಿಗೆ ಬುದ್ಧಿ ಬಂತು. ದುಬಾರಿ ಬುದ್ಧಿ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಂದು ಕೆಮ್ಮಿಗೆ ಹೆಸರಿಟ್ಟಿರುತ್ತೀರಿ. ಬೀಡಿ ಕೆಮ್ಮು, ಒಲೆ ಕೆಮ್ಮು, ಸಿಮೆಂಟ್ ಕೆಮ್ಮು. ಎರಡು ವಾರ ದಾಟಿದ ಕೆಮ್ಮಿಗೆ ಹೆಸರಿಡುವ ಕೆಲಸ ನಿಮ್ಮದಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಫ ಪರೀಕ್ಷೆ ಪುಕ್ಕಟೆ, ಮಾತ್ರೆಯೂ ಪುಕ್ಕಟೆ. ಒಬ್ಬರಿಗೆ ಬಂದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ, ಕಿಟಕಿ ತೆರೆಯಿರಿ. ಇನ್ನೊಂದು ಮಾತು, ಡಬ್ಬಿ ಹಿಡಿದು ಹೊರಟವನನ್ನು ನೋಡಿ ನಗಬೇಡಿ. ದಯವಿಟ್ಟು ನಗಬೇಡಿ.

ಇಲ್ಲಿಗೆ ಕಥೆ ಮುಗಿಸಿ ಎಂದರು ಕೇಳುತ್ತಿದ್ದವರು. ಹೇಗೆ ಮುಗಿಸಲಿ? ಮೊನ್ನೆ ಅತ್ತಿಗೆಯ ತಾಯಿ ಅಂಗಡಿಗೆ ಬಂದಿದ್ದಳು. ತೆರೆದ ಕಿಟಕಿಯಿಂದ ಗಾಳಿ ಬಂದು ಮುದುಕಿಯ ತಲೆಯ ಮೇಲೆಲ್ಲ ಹತ್ತಿ ಕುಳಿತಿತ್ತು. ಅಣ್ಣ ಕೊಟ್ಟ ನೀರು ಕುಡಿಯಲಿಲ್ಲ. ಸೀದಾ ದಬ್ಬಣನ ಮುಂದೆ ಕುಳಿತಳು.

"ಮೊದಲು ಕೆಮ್ಮು ಶುರುವಾಗಿದ್ದು ನಿನಗಂತೆ, ಹೌದೇನಪ್ಪ? ನನ್ನ ಮಗಳಿಗೆ ನಿನ್ನಿಂದಲೇ ಬಂತಾ? ನಾನೇನೂ ಬಯ್ಯಲ್ಲ. ಗೊತ್ತಾಗ್ಲಿ ಅಂತ ಅಷ್ಟೇ."

ಅಣ್ಣ ತಲೆ ತಗ್ಗಿಸಿದ. ಯಾರಿಂದ ಯಾರಿಗೆ ಬಂತೆಂದು ಡಾಕ್ಟರೂ ಹೇಳಿರಲಿಲ್ಲ. ದಬ್ಬಣ ಕೈಯಲ್ಲಿದ್ದ ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟ, ಮಂಡಿಯ ಮೇಲಿನ ಹತ್ತಿ ಕೊಡವಿದ, ಮುದುಕಿಯ ಕಾಲು ತುಳಿಯದಂತೆ ದಾಟಿ, ಹೊಸ್ತಿಲಿಳಿದು, ಅಂದು ಡಬ್ಬಿ ಎಸೆದ ಚರಂಡಿಯನ್ನೂ ದಾಟಿ ಬೀದಿಗುಂಟ ನಡೆದುಬಿಟ್ಟ.