ಎರಡಕ್ಕೂ ಮೂರಕ್ಕೂ ನಡುವೆ

ಹನ್ನೆರಡು ಪದರದ ಸರ್ಕ್ಯೂಟ್ ಬೋರ್ಡೊಂದು ನನ್ನ ಕೈಗೆ ಸಿಗಲಿ ಎಂದು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿದ್ದೆ. ಕೊನೆಗೆ ಸಿಕ್ಕಿತು, ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಯಂತ್ರದ್ದು. ಯಾವ ಸಾಫ್ಟ್‌ವೇರಿನಲ್ಲಿ ಬಿಡಿಸುವುದು ಎಂದು ಯಜಮಾನರು ಕೇಳಿದಾಗ, ಹಳೆಯದು ಬೇಡ, ನಮ್ಮಕ್ಕನ ಕಂಪನಿಯದೇ ಇರಲಿ ಎಂದು ಪಟ್ಟು ಹಿಡಿದವನೂ ನಾನೇ.

ಊಟಕ್ಕೆ ಕುಳಿತಾಗ ಅಕ್ಕ ಹೇಳಿದ್ದಳು: “ಹೊಸ ವರ್ಷನ್‌ನಲ್ಲಿ ಎಷ್ಟು ಪದರ ಬೇಕಾದ್ರೂ ಹಾಕು ಕಣೋ. ಒಳಗೆ ಹುದುಗಿರೋ ವಯಾನೂ ಅದೇ ಚೆಕ್ ಮಾಡುತ್ತೆ. ಆ ಭಾಗ ಬರೆದಿದ್ದು ನಾನೇ.”

“ನೀನು ಬರೆದಿದ್ದು ಅಂದ್ರೇನೇ ಭಯ,” ಎಂದು ಕಾಲೆಳೆದೆ. ತಲೆಗೊಂದು ಮೊಟಕಿದಳು.

ವಯಾ ಎಂದರೆ ಒಂದು ಪದರದಿಂದ ಇನ್ನೊಂದಕ್ಕೆ ಕರೆಂಟು ದಾಟಿಸುವ, ಒಳಗೆ ತಾಮ್ರ ಬಳಿದ ಸಣ್ಣ ತೂತು. ಹುದುಗಿದ ವಯಾ ಬೋರ್ಡಿನ ಹೊಟ್ಟೆಯೊಳಗೇ ಶುರುವಾಗಿ ಅಲ್ಲೇ ಮುಗಿಯುತ್ತದೆ, ಹೊರಗೆ ಕಾಣುವುದಿಲ್ಲ. ನನ್ನದು ಮೂರನೆಯ ಪದರದಲ್ಲಿ ಶುರುವಾಗುತ್ತಿತ್ತು. ಅದನ್ನು ಸೇರಬೇಕಾದ ಗೆರೆಯನ್ನು ನಾನು ಎರಡನೆಯ ಪದರದಲ್ಲಿ ಎಳೆದಿದ್ದೆ. ಎಲ್ಲ ಪದರಗಳನ್ನೂ ಒಟ್ಟಿಗೆ ತೆರೆದು ನೋಡಿದರೆ ಗೆರೆ ಸೀದಾ ತೂತಿನ ಮೇಲೇ ಕೂತಂತಿತ್ತು. ಇಂಥ ಎಡವಟ್ಟು ಹಿಡಿಯಲೆಂದೇ ಸಾಫ್ಟ್‌ವೇರಿನಲ್ಲಿ ತಪಾಸಣೆಯ ಗುಂಡಿ ಇರುವುದು. ಒತ್ತಿದೆ. ತಪ್ಪೇನೂ ಇಲ್ಲವೆಂದು ಹಸಿರು ಬಂತು.

ಬೋರ್ಡುಗಳು ತಯಾರಾಗಿ ಬಂದವು, ಒಂದಕ್ಕೂ ಜೀವ ಬರಲಿಲ್ಲ. ಒತ್ತಿ ಅಂಟಿಸಿದ ಪದರಗಳನ್ನು ಬಿಡಿಸಿ ರಿಪೇರಿ ಮಾಡುವಂತಿಲ್ಲ. ಅಷ್ಟೂ ಕಸದ ಬುಟ್ಟಿಗೆ ಹೋದವು.

ಯಜಮಾನರು ಅಕ್ಕನ ಕಂಪನಿಯವರನ್ನು ಕರೆಸಿದರು. ಹಿಂದಿನ ದಿನ ಅಕ್ಕ ಫೋನಿನಲ್ಲಿ, “ತಪಾಸಣೆ ಅದನ್ನ ಬಿಟ್ಟುಬಿಟ್ಟಿದೆ. ನಾನೇ ಹೇಳ್ತೀನಿ, ನೀನು ಸುಮ್ನಿರು,” ಎಂದಿದ್ದಳು. ನಾನು ಸುಮ್ಮನಿದ್ದೆ.

ಮರುದಿನ ಮೀಟಿಂಗಿನಲ್ಲಿ ಅವಳ ಪಕ್ಕದಲ್ಲಿ ಅವಳ ಮ್ಯಾನೇಜರ್ ಕುಳಿತಿದ್ದ. ಅಕ್ಕ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಸತ್ತ ಬೋರ್ಡನ್ನು ನೋಡುತ್ತಾ ಹೇಳಿದಳು: “ಸಾಫ್ಟ್‌ವೇರ್ ಸರಿಯಾಗೇ ಇದೆ ಸರ್. ಗೆರೆ ಯಾವ ಪದರದಲ್ಲಿದೆ ಅಂತ ಬಳಕೆದಾರರು ನೋಡ್ಕೋಬೇಕಿತ್ತು.”

ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ಅವಳ ಬಾಯಲ್ಲಿ ಬಳಕೆದಾರನಾದೆ. ಆದರೆ ಗೆರೆ ಎಳೆದ ಕೈ ನನ್ನದೇ, ಹಿಂದಿನ ದಿನದ ಫೋನಿನ ಮಾತನ್ನು ನಾನು ಎತ್ತಲಿಲ್ಲ. ಈಗ ನಾನು ಆಟಿಕೆ ಕಾರುಗಳಿಗೆ ಒಂದೇ ಪದರದ ಬೋರ್ಡು ಬಿಡಿಸುತ್ತೇನೆ. ಅದಕ್ಕೆ ವಯಾವೇ ಬೇಡ.

ಮೊನ್ನೆ ಅಕ್ಕನ ಸಾಫ್ಟ್‌ವೇರಿನ ಇನ್ನೊಂದು ಹೊಸ ವರ್ಷನ್ ಬಂತು. ತಡೆಯಲಾರದೆ ಆ ಹಳೆಯ ಬೋರ್ಡನ್ನು ಅದರಲ್ಲಿ ತೆರೆದು ತಪಾಸಣೆ ಒತ್ತಿದೆ. ಎರಡಕ್ಕೂ ಮೂರಕ್ಕೂ ನಡುವೆ, ಸರಿಯಾಗಿ ಅದೇ ಜಾಗದಲ್ಲಿ, ಕೆಂಪು ಗುರುತು ಬಂತು.

ಸಂಜೆ ಅಕ್ಕ ಫೋನು ಮಾಡಿದಳು. ಅಮ್ಮನ ಕಾಲುನೋವು, ಭಾವನ ಕೆಮ್ಮು ಎಲ್ಲ ಆದಮೇಲೆ ಮೆಲ್ಲಗೆ ಕೇಳಿದಳು: “ಹೊಸದು ಹಾಕ್ಕೊಂಡ್ಯಾ? ಹೇಗಿದೆ?”

“ಚೆನ್ನಾಗಿದೆ ಮೇಡಂ,” ಎಂದೆ. “ಬಳಕೆದಾರರಿಂದ ಯಾವ ದೂರೂ ಇಲ್ಲ.”

ಅವಳು ಫೋನು ಇಡಲಿಲ್ಲ. ನಾನೇ ಇಟ್ಟೆ.